ಯಾರೂ ತಿನ್ನದ ನಾಲ್ಕು ಇಡ್ಲಿ

ಸ್ಪಿರಿಟ್ ವಾಸನೆ ಬಂದರೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ಇಡ್ಲಿ ನೆನಪಾಗುತ್ತದೆ. ಇವತ್ತು ಶಾಲೆಯಲ್ಲಿ ಧನುರ್ವಾಯು ಚುಚ್ಚುಮದ್ದಿನ ಸಾಲಿನಲ್ಲಿ ನಿಂತಿದ್ದೆ. ನರ್ಸಕ್ಕ ಹತ್ತಿಗೆ ಸ್ಪಿರಿಟ್ ಹನಿಸಿದ್ದೇ ತಡ, ನಾಲ್ಕು ಇಡ್ಲಿ ಕಣ್ಣ ಮುಂದೆ ಹಬೆಯಾಡಿದವು. ವಿಶೇಷವೆಂದರೆ ಆ ಇಡ್ಲಿಗಳನ್ನು ಈ ಭೂಮಿಯ ಮೇಲೆ ಯಾರೂ ತಿಂದಿಲ್ಲ.

ತಾಳಿ, ಹೇಳುತ್ತೇನೆ. ಹೋದ ವರ್ಷ ನಮ್ಮ ದೊಡ್ಡಮ್ಮನ ಬಲಗೈ ಎದೆಮಟ್ಟಕ್ಕಿಂತ ಮೇಲೆ ಏಳದೆ ನಿಂತುಬಿಟ್ಟಿತು. ಭುಜ ಬಿಗಿದಿದೆ ಎಂದರು ಡಾಕ್ಟರು. ಒಂದನೇ ಕ್ಲಾಸಿನಿಂದ ನನ್ನ ಜಡೆ ಅವಳದೇ ಇಲಾಖೆ. ಅದು ನಿಂತಿದ್ದರಿಂದ ನಾನು ಗೀಜಗನ ಗೂಡು ಹೊತ್ತು ಶಾಲೆಗೆ ಹೋಗುತ್ತಿದ್ದೆ, ಇರಲಿ. ತನ್ನ ತುರುಬು ತಾನೇ ಕಟ್ಟಲಾಗದೆ, ಬೇರೆಯವರಿಂದ ಕಟ್ಟಿಸಿಕೊಳ್ಳಲೂ ಒಲ್ಲದೆ, ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಅದನ್ನು ಮಾತ್ರ ನನಗೆ ತಮಾಷೆ ಮಾಡಲಾಗಲಿಲ್ಲ.

ಹೊನ್ನಾಳಿಯಲ್ಲಿ ಒಬ್ಬ ಡಾಕ್ಟರಮ್ಮ ಸೂಜಿ ಚುಚ್ಚಿ ನೋವು ಇಳಿಸುವ ಅಕ್ಯುಪಂಕ್ಚರ್ ಮಾಡುತ್ತಾರೆಂದು ಗೊತ್ತಾಗಿ ನ್ಯಾಮತಿಯಿಂದ ಬಸ್ಸು ಹತ್ತಿದೆವು. ಪಕ್ಕದ ಸೀಟಿನ ಅಜ್ಜಿ ಕೇಳಿತು: "ಸೂಜಿ ಅಂದ್ರೆ ಎಂಥದೇ?"

"ಚೀಲ ಹೊಲಿಯೋ ದಬ್ಬಣ ನೋಡೀರಲ್ಲ ಅಜ್ಜಿ, ಅದರ ತಮ್ಮ. ಐವತ್ತು ಹಾಕ್ತಾರಂತೆ" ಎಂದೆ ನಾನು.

ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ "ಶಿವನೇ" ಎಂದಳು. ಅವತ್ತು ಸೋಮವಾರ, ಅವಳ ಒಪ್ಪತ್ತು. ಸಂಜೆ ಪೂಜೆಯಾದ ಮೇಲೇ ಊಟ. ಸೂಜಿಯ ಭಯಕ್ಕೆ ಬೆಳಗಿನ ಕಾಫಿಯನ್ನೂ ಬಿಟ್ಟಿದ್ದಳು. "ಬರೀ ಹೊಟ್ಯಾಗೆ ಇದ್ರೆ ಅವನೇ ಕಾಯ್ತಾನೆ ಬಿಡೇ."

ಕ್ಲಿನಿಕ್ಕಿನ ಬಾಗಿಲಲ್ಲೇ ಬೋರ್ಡಿತ್ತು: ಹಸಿದ ಹೊಟ್ಟೆಯಲ್ಲಿ ಬರಬೇಡಿ. ದೊಡ್ಡಮ್ಮ ಕನ್ನಡಕ ತಂದಿರಲಿಲ್ಲ. ನಾನು ಓದಿದೆ, ಸುಮ್ಮನಾದೆ. ಸೂಜಿ ಚುಚ್ಚುವ ವಿಡಿಯೋ ತೋರಿಸುತ್ತೇನೆಂದು ಇಡೀ ಕ್ಲಾಸಿಗೆ ಮಾತು ಕೊಟ್ಟಿದ್ದೆ. ವಾಪಸು ಕಳಿಸಿದರೆ ನನ್ನ ಮರ್ಯಾದೆ ಗತಿಯೇನು?

ಡಾಕ್ಟರಮ್ಮ ಒಂದೊಂದೇ ಕೇಳಿದರು. ರಕ್ತ ತೆಳುವಾಗುವ ಮಾತ್ರೆ ಇದೆಯಾ? ಎದೆಯೊಳಗೆ ಯಂತ್ರ ಗಿಂತ್ರ ಕೂರಿಸಿದ್ದಾರಾ? ಶುಗರ್? ಎಲ್ಲದಕ್ಕೂ ನಾನೇ ವಕೀಲಳಂತೆ "ಇಲ್ಲ" ಎಂದೆ. ತಿಂಡಿ? ದೊಡ್ಡಮ್ಮ ಬಾಯಿ ತೆರೆಯುವಷ್ಟರಲ್ಲಿ, "ನಾಲ್ಕು ಇಡ್ಲಿ ತಿಂದಾರೆ ಮೇಡಂ! ಚಟ್ನಿ ಎರಡು ಸಲ ಹಾಕಿಸ್ಕಂಡ್ರು!"

ದೊಡ್ಡಮ್ಮ ನನ್ನನ್ನೇ ನೋಡಿದಳು. ಆಮೇಲೆ ಮಂಚ ಹತ್ತಿ ಮಲಗಿದಳು.

ಡಾಕ್ಟರಮ್ಮ ನಮ್ಮೆದುರೇ ಮೊಹರಿನ ಪೊಟ್ಟಣ ಹರಿದು, "ಹೊಸವು. ಒಬ್ಬರಿಗೆ ಒಂದೇ ಸಲ, ಆಮೇಲೆ ಆ ಡಬ್ಬಿಗೆ" ಎಂದು ತೋರಿಸಿದರು. ದಬ್ಬಣದ ತಮ್ಮ ಎಲ್ಲಿ? ಇದು ಕೂದಲಿನ ತಂಗಿ! ಐವತ್ತೂ ಅಲ್ಲ, ಬರೀ ಎಂಟು. ಸ್ಪಿರಿಟ್ ಒರೆಸಿ, ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮುಗಿಯಿತು. "ಇರುವೆ ಕಡದಂಗೆ ಆತು, ಈಗ ಒಳಗೆ ಭಾರ ಅನಿಸ್ತೈತೆ" ಎಂದಳು ದೊಡ್ಡಮ್ಮ. "ಹಂಗೇ ಅನ್ಸೋದು, ಅಲ್ಲಾಡಬೇಡ್ರಿ" ಎಂದರು. ನಾನು ಮೊಬೈಲು ಎತ್ತಿದೆ.

ಮೊಬೈಲಿನ ಪರದೆಯಲ್ಲಿ ದೊಡ್ಡಮ್ಮನ ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿತ್ತು. "ಕಣ್ಣು ಕತ್ತಲಾಗ್ತೈತೆ ರೀ..." ತುಟಿ ಬಿಳಿಚಿತು. ಡಾಕ್ಟರಮ್ಮ ಸೂಜಿಗಳನ್ನೆಲ್ಲ ಸರಸರನೆ ತೆಗೆದು, ಕಾಲಿನ ಕೆಳಗೆ ದಿಂಬಿಟ್ಟು, ನಾಡಿ ಹಿಡಿದು ಕೂತರು. ಆ ಕೆಲವು ನಿಮಿಷ ಅದೆಷ್ಟು ಉದ್ದವಿತ್ತೆಂದರೆ, ಏನನ್ನೂ ಹಿಗ್ಗಿಸಿ ಹೇಳುವ ನನಗೇ ಎಳೆಯಲು ಬರದಷ್ಟು.

ಬಣ್ಣ ಮರಳಿದ ಮೇಲೆ ಸಕ್ಕರೆ ನೀರು ಕೊಟ್ಟರು. "ಸೋಮವಾರ ರೀ" ಎಂದಳು ದೊಡ್ಡಮ್ಮ.

"ಶಿವನಿಗೆ ನಾನು ಹೇಳ್ಕಂತೀನಿ, ಕುಡೀರಿ. ನಿಜವಾಗ್ಲೂ ತಿಂಡಿ ತಿಂದಿದ್ರಾ?"

"ನಂದೇ ತಪ್ಪು ರೀ. ಹೇಳಾಕೆ ಮರ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಬಿಟ್ಟುಕೊಡಲಿಲ್ಲ ನೋಡಿ, ಅದನ್ನು ತಡೆಯಲಾಗಲಿಲ್ಲ. "ಇಡ್ಲಿ ಸುಳ್ಳು ಮೇಡಂ. ನಾನೇ ಹೇಳಿದ್ದು" ಎಂದುಬಿಟ್ಟೆ.

"ಮತ್ತೆ ಆ ಮಾತ್ರೆ ಕೇಳ್ದಾಗ ಹೇಳಿದ್ದು?"

"ಅದು ನಿಜ, ಆಣೆಗೂ."

"ನಾನು ಹೊತ್ತು ಕಳೆಯಾಕೆ ಕೇಳಲ್ಲಮ್ಮ. ನೀವು ಹೇಳಿದ್ದು ನಂಬ್ಕಂಡೇ ನಾನು ಸೂಜಿ ಹಿಡಿಯೋದು" ಎಂದರು, ದನಿ ಏರಿಸದೆ. ವಿಡಿಯೋ ಅಲ್ಲೇ ಅಳಿಸಿದೆ.

ಬಸ್ಸಿನಲ್ಲಿ ದೊಡ್ಡಮ್ಮ, "ಹಂಗೆ ವರ್ಣಿಸಿದ್ಯಲ್ಲೇ, ನನಗೇ ತಿಂದಂಗಾಗಿತ್ತು ನೋಡು" ಎಂದಳು. ನಾನು ನಗಲಿಲ್ಲ, ಅವಳೇ ನಕ್ಕಳು. ಇನ್ನು ಬರುವುದಿಲ್ಲ ಎನ್ನುತ್ತಾಳೆಂದು ನಾನು ಹೆದರಿದ್ದೆ. ಮುಂದಿನ ವಾರ, ಮಂಗಳವಾರ, ಅವಳೇ ಹೊರಟಳು. ಮೊದಲು ಹೋಟೆಲಿಗೆ ಹೋಗಿ ಎರಡು ಇಡ್ಲಿ ತಿಂದು, "ಇವು ನಿಜದವು, ಸಾಕ್ಷಿ ಹೇಳು" ಎಂದಳು. ಆಮೇಲೆ ಒಂದೆರಡು ಸಲ ಸೂಜಿಯ ಜಾಗ ಕಂದಿತು, ಎರಡೇ ದಿನಕ್ಕೆ ಮಾಯವಾಯಿತು. ಡಾಕ್ಟರಮ್ಮ ಹೇಳಿಕೊಟ್ಟಂತೆ ದಿನಾ ಗೋಡೆಯ ಮೇಲೆ ಬೆರಳು ಹತ್ತಿಸಿದಳು. ನಾನು ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದೆ. ತಿಂಗಳುಗಳು ಉರುಳಿ ಗೆರೆ ಸ್ವಿಚ್ ಬೋರ್ಡನ್ನೂ ದಾಟಿತು. ಸೂಜಿಯಿಂದಲೋ, ಗೋಡೆಯಿಂದಲೋ, ಕಾಲದಿಂದಲೋ, ಡಾಕ್ಟರಮ್ಮನೂ ಆಣೆ ಮಾಡಲಿಲ್ಲ. ನಾನು ಮೂರಕ್ಕೂ ಕೈ ಮುಗಿದೆ.

"ಲೇ ಹುಡುಗಿ, ತಿಂಡಿ ಆತೇನೇ?" ಶಾಲೆಯ ಸಾಲಿನಲ್ಲಿ ನನ್ನ ಸರದಿ ಬಂದಿತ್ತು, ನರ್ಸಕ್ಕ ಕೇಳುತ್ತಿದ್ದರು. ಬೆಳಿಗ್ಗೆ ತಡವಾಗಿ ತಿಂಡಿ ಬಿಟ್ಟು ಓಡಿ ಬಂದಿದ್ದೆ. ನನ್ನ ಬೆನ್ನ ಹಿಂದೆ ನಿಂತ ಗೆಳತಿಯರು ನನ್ನ ಬಾಯಿಂದ ಏನು ಉದುರುತ್ತದೋ ಎಂದು ಕಾಯುತ್ತಿದ್ದರು. "ಇಲ್ಲಕ್ಕ, ತಿಂದಿಲ್ಲ" ಎಂದೆ. ಇಡೀ ಸಾಲು ಕಿಸಕ್ಕೆಂದಿತು. ಅಕ್ಕ ಬಾಳೆಹಣ್ಣು ಕೊಟ್ಟು ಪಕ್ಕದ ಬೆಂಚಿನಲ್ಲಿ ಕೂರಿಸಿದರು.

ಹಣ್ಣು ಸುಲಿಯುತ್ತಾ ತಲೆ ಮುಟ್ಟಿಕೊಂಡೆ. ನೆತ್ತಿಯಿಂದಲೇ ಹಿಡಿದು ಹೆಣೆದ ಜಡೆ, ಹುಬ್ಬು ಮೇಲೇರುವಷ್ಟು ಬಿಗಿ. ಬೆಳಿಗ್ಗೆ ದೊಡ್ಡಮ್ಮ ಬಲಗೈಯನ್ನು ನನ್ನ ನೆತ್ತಿಗೇರಿಸಿ ಎಳೆದೆಳೆದು ಹಾಕುವಾಗ ಕಣ್ಣಲ್ಲಿ ನೀರೇ ಬಂದಿತ್ತು. ನಿಧಾನ ಎನ್ನಲಿಲ್ಲ ನಾನು.