ಹಾರ್ಮೋನಿಯಂ ಮಾಸ್ತರನನ್ನು ಕೊಂದವರು

ನನ್ನ ಹೆಂಡತಿ ತೀರಿಕೊಂಡು ಆರು ತಿಂಗಳಾಯಿತು. ಅವಳ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಕೂತಾಗಲೆಲ್ಲ ಎದುರುಮನೆಯ ಅಕ್ಕೋರು ನಡುವೆ ಬಂದು ನಿಲ್ಲುತ್ತಾರೆ. ಅವಳು ಇದ್ದಾಗಲೂ ಹೀಗೇ ಆಗುತ್ತಿತ್ತು. ಹಾಗಾಗಿ ಮೊದಲು ಅವರ ವಿಷಯವನ್ನೇ ಬರೆದುಬಿಡುತ್ತೇನೆ.

ಪುಣೆಯ ಕೊಂಢವಾ ಬಡಾವಣೆಯ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ನಮ್ಮ ಎರಡು ಮನೆಗಳ ಬಾಗಿಲು ಎದುರುಬದುರು. ನಡುವೆ ನಾಲ್ಕು ಹೆಜ್ಜೆಯ ಜಾಗ. ನಾವು ಧಾರವಾಡದ ಕಡೆಯವರು. ನಾನು ಹತ್ತನೆಯ ತರಗತಿ ಓದಿ, ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತು ನಿವೃತ್ತನಾದವನು. ನಮಗೆ ಮಕ್ಕಳಿಲ್ಲ. ಎದುರುಮನೆಯವರು ಬೆಳಗಾವಿ ಕಡೆಯ ಕ್ರೈಸ್ತರು, ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದವರು. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಎನ್ನುವುದರಿಂದ ಇಡೀ ಕಟ್ಟಡಕ್ಕೆ ಅವರು ಅಕ್ಕೋರೇ ಆದರು. ಅವರು ನನ್ನ ಹೆಂಡತಿಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು, ನನಗೆ ಅಣ್ಣಾರ. ಮನೆಯಲ್ಲಿ ಮಗ, ಮೈಸೂರಿನ ಕಡೆಯ ಸೊಸೆ.

ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಮೂರು ನಾಲ್ಕು ದಿನ ಇರುವಾಗ ಅವರ ಮನೆಯಲ್ಲಿ ಕಲ್ಕಲ್ ಮಾಡುತ್ತಾರೆ. ಮೈದಾ, ರವೆ, ತೆಂಗಿನ ಹಾಲು ಹಾಕಿ ನಾದಿದ ಹಿಟ್ಟನ್ನು ಹುಣಸೆ ಬೀಜದಷ್ಟು ಚಿವುಟಿ, ಫೋರ್ಕಿನ ಬೆನ್ನ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುರುಳಿ ಮಾಡಿದರೆ ಗೆರೆಗೆರೆಯ ಪುಟ್ಟ ಶಂಖದಂತಾಗುತ್ತದೆ. ಅದನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಚರ್ಚಿನವರಿಗೂ ಕಟ್ಟಡದ ಎಲ್ಲ ಮನೆಗಳಿಗೂ ಹಂಚಬೇಕಾದ್ದರಿಂದ ಸಾವಿರಗಟ್ಟಲೆ ಬೇಕು. ಅಕ್ಕೋರು, ಅವರ ಸೊಸೆ, ಕೆಳಗಿನ ಮನೆಯ ಮರಾಠಿ ಆಜಿ, ನನ್ನ ಹೆಂಡತಿ, ಈ ನಾಲ್ವರು ಮಧ್ಯಾಹ್ನ ಊಟ ಮುಗಿಸಿ ಚಾಪೆಯ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದರು.

ಕೈಗೆ ಕೆಲಸ, ಬಾಯಿಗೆ ಬಿಡುವು. ಮೊದಲ ವರ್ಷ ಅವರಿವರ ಮನೆಯ ಸುದ್ದಿ ಮಾತಾಡಿ, ಅದು ಅವರಿವರ ಕಿವಿಗೆ ಬಿದ್ದು, ಹಬ್ಬದ ದಿನವೇ ಜಗಳವಾಯಿತು. ಮರುವರ್ಷ ಅಕ್ಕೋರು ವರ್ಗದಲ್ಲಿ ನಿಂತವರ ಹಾಗೆ ಬೆರಳೆತ್ತಿ ಹೇಳಿದರು: “ಇವತ್ತ ಬದುಕಿದ್ದವರ ಸುದ್ದಿ ಯಾರೂ ತೆಗೀಬಾರ್ದು.”

“ಹಂಗಾದ್ರ ಒಬ್ಬಾಂವನ್ನ ಕೊಂದ ಬಿಡೋಣ್ರಿ ಅಕ್ಕೋರ,” ಎಂದಳು ನನ್ನ ಹೆಂಡತಿ. “ಸತ್ತಾಂವನ ಸುದ್ದಿ ಮಾತಾಡಿದ್ರ ಯಾರಿಗೂ ಸಿಟ್ಟ ಬರೂದಿಲ್ಲ.”

ಅಂದಿನಿಂದ ವರ್ಷಕ್ಕೊಂದು ಕೊಲೆ. ಕಥೆ ಹೇಳುವವಳು ಇವಳೇ. ಪುಣೆಯಾಚೆಯ ಭೋರ್ ಊರು ದಾಟಿ ಘಟ್ಟದ ಬುಡದಲ್ಲಿ ಇಪ್ಪತ್ತು ಮನೆಗಳ ಒಂದು ಹಳ್ಳಿಯನ್ನು ತಾನೇ ಮಾಡಿಕೊಂಡಿದ್ದಳು. ಅಲ್ಲೊಂದು ಸಣ್ಣ ಚರ್ಚು. ಕೊಲೆ ಆಗುವುದು ಯಾವಾಗಲೂ ಕ್ರಿಸ್‌ಮಸ್ ವಾರದಲ್ಲಿ. ಪತ್ತೆ ಹಚ್ಚುವವಳು ಹಾಲು ಹಾಕುವ ಹೆಂಗಸು, ಏಕೆಂದರೆ ಪೊಲೀಸರಿಗೆ ತೆರೆಯದ ಬಾಗಿಲು ಹಾಲಿನವಳಿಗೆ ತೆರೆಯುತ್ತದೆ. ನಿಯಮ ಒಂದೇ. ಕೊಂದವರು ಯಾರೆಂದು ಕಥೆ ಹೇಳುವವಳು ಹಿಟ್ಟಿನ ಮೇಲಿನ ಬಟ್ಟೆ ತೆಗೆಯುವ ಮುಂಚೆ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿರಬೇಕು, ಹಿಟ್ಟು ತೀರುವಾಗ ಹೆಸರು ಹೇಳಬೇಕು.

ಇದೆಲ್ಲ ನನಗೆ ಗೊತ್ತಿರುವುದು ನಮ್ಮ ಮನೆಯಲ್ಲಿ ಕೂತು ಕೇಳಿ. ಎರಡೂ ಬಾಗಿಲು ತೆರೆದಿರುತ್ತಿದ್ದವು. ಟಿವಿಯ ದನಿ ಸಣ್ಣದು ಮಾಡಿಕೊಂಡು ಪೇಪರು ಹಿಡಿದಿರುತ್ತಿದ್ದೆ. ಆಜಿಗಾಗಿ ನಡುನಡುವೆ ಮರಾಠಿಗೆ ಹೊರಳುತ್ತ, ಒಬ್ಬೊಬ್ಬರ ದನಿ ಮಾಡುತ್ತ ಅವಳು ಹೇಳುತ್ತಿದ್ದಳು. ಅತ್ತ ನಗು ಏಳುತ್ತಿತ್ತು. ನನ್ನ ಜೊತೆ ಮಾತಾಡುವಾಗ ಅವಳ ಮಾತು ಗ್ಯಾಸು, ನೀರು, ಸಂಜೆಗೆ ಏನು ಮಾಡಲಿ, ಅಷ್ಟೇ. ಮೂವತ್ತೆರಡು ವರ್ಷ ಸಂಸಾರ ಮಾಡಿದ ನನಗೆ ನನ್ನ ಹೆಂಡತಿ ಕಥೆ ಹೇಳಬಲ್ಲಳೆಂಬುದು ಎದುರುಮನೆಯ ಬಾಗಿಲಿನಿಂದ ಗೊತ್ತಾಯಿತು. ಒಂದು ಸಲವೂ ಎದ್ದು ಹೋಗಿ ಆ ಚಾಪೆಯ ಮೇಲೆ ಕೂರಲಿಲ್ಲ. ಹೆಂಗಸರ ನಡುವೆ ಹೇಗೆ ಕೂರುವುದು ಎಂದುಕೊಂಡೆ. ಅವಳು ಬಂದು ಕರೆಯಲಿ ಎಂದೂ ಇತ್ತು.

ಹಿಂದಿನ ವರ್ಷದ ಕಥೆಯಲ್ಲಿ ಸತ್ತವನು ಚರ್ಚಿನ ಹಾರ್ಮೋನಿಯಂ ಮಾಸ್ತರ. ಹಬ್ಬದ ಬೆಳಿಗ್ಗೆ ಜನ ಬಂದು ನೋಡಿದರೆ ಬಾಲಯೇಸುವಿಗೆಂದು ಕಟ್ಟಿದ ಗೋದಲಿಯ ಹುಲ್ಲಿನ ಮೇಲೆ, ಮಣ್ಣಿನ ಕುರಿಗಳ ಪಕ್ಕ, ಮಲಗಿದಂತೆ ಬಿದ್ದಿದ್ದ, ಬಾಯಲ್ಲಿ ವಿಷದ ನೊರೆ. ಸಂಶಯ ಮೂವರ ಮೇಲೆ. ಗಂಟೆ ಹೊಡೆಯುವ ಮುದುಕನನ್ನು ಮಾಸ್ತರ ಎಲ್ಲರೆದುರು ಬೈದಿದ್ದ. ದವಾಖಾನೆಯ ಕಂಪೌಂಡರನಿಗೆ ಹಾಡಿನ ಮೇಳ ತನ್ನ ಕೈಗೆ ಬರಬೇಕಿತ್ತು. ಬೇಕರಿಯ ವಿಧವೆ ಒಂಟಿ ಮಾಸ್ತರನಿಗೆ ದಿನಾ ಬಿಸಿ ಬನ್ನು ಕಳಿಸುತ್ತಿದ್ದಳು. ಹಾಲಿನವಳು ಮಾಸ್ತರನ ಮನೆಗೆ ಹೋಗಿ ನೋಡುತ್ತಾಳೆ: ಕಿಟಕಿಯಲ್ಲಿ ಅರ್ಧ ತಿಂದ ಬನ್ನು, ಅದನ್ನು ಬೆಕ್ಕು ತಿನ್ನುತ್ತಿದೆ, ಬೆಕ್ಕು ಆರಾಮಾಗಿದೆ.

ಅಲ್ಲಿಗೆ ನನ್ನ ಹೆಂಡತಿ ನಿಲ್ಲಿಸಿದಳು. “ಬೆನ್ನ ಹಿಡದದ್ರಿ ಅಕ್ಕೋರ. ಉಳಿದದ್ದ ನಾಳೆ ಹೇಳ್ತೀನಿ,” ಎಂದು ಗೋಡೆ ಹಿಡಿದುಕೊಂಡು ಬಂದಳು. ಮರುದಿನ ಆಸ್ಪತ್ರೆ. ಬೆನ್ನಲ್ಲ, ಹೊಟ್ಟೆಯೊಳಗೆ ಕ್ಯಾನ್ಸರಿನ ಹುಣ್ಣು ಬೆಳೆದಿತ್ತು. ಉಳಿದ ಹಿಟ್ಟನ್ನು ಅವರು ಕಥೆಯಿಲ್ಲದೆ ಮುಗಿಸಿದರು.

ಆಮೇಲೆ ಅವಳು ಮನೆಯಲ್ಲೇ ಇದ್ದದ್ದು ಆರು ತಿಂಗಳು. ದಿನಾ ಮಧ್ಯಾಹ್ನ ಅಕ್ಕೋರು ಸ್ಟೀಲಿನ ಡಬ್ಬಿಯಲ್ಲಿ ನುಚ್ಚಿನ ಗಂಜಿ ತರುತ್ತಿದ್ದರು. ನಾನೂ ಗಂಜಿ ಮಾಡುತ್ತಿದ್ದೆ. ನನ್ನದನ್ನು ಎರಡು ಚಮಚ ಕುಡಿದು, “ಉಪ್ಪ ಜಾಸ್ತಿ ಆಗ್ಯದ್ರಿ,” ಎಂದು ಬದಿಗಿಡುತ್ತಿದ್ದಳು. ಅಕ್ಕೋರದು ತಳದವರೆಗೆ ಹೋಗುತ್ತಿತ್ತು. ಒಮ್ಮೆ ಅವರ ಡಬ್ಬಿಯಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿ ನೋಡಿದೆ. ಉಪ್ಪು ಅಷ್ಟೇ ಇತ್ತು.

ಇಬ್ಬರೂ ಪಿಸುಪಿಸು ಮಾತಾಡಿ ನಗುತ್ತಿದ್ದರು. ನಾನು ಗುಳಿಗೆ ಕೊಡಲು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ಅವಳು ಮಾಸ್ತರನ ಕೊಲೆಯ ಗುಟ್ಟನ್ನು ಅವರಿಗೆ ಹೇಳಿದ್ದಾಳೆ ಎಂದು ನನಗೆ ಅನಿಸತೊಡಗಿತು. ಅನಿಸಿದ್ದು ಬೇರೂರಿತು. ಹೊಟ್ಟೆಯೊಳಗೆ ಹುಣ್ಣು ಇಟ್ಟುಕೊಂಡ ಹೆಂಡತಿಯ ಮಂಚದ ಪಕ್ಕ ನಿಂತು, ಇಲ್ಲದ ಹಳ್ಳಿಯ ಇಲ್ಲದ ಕೊಲೆಗಾರ ಯಾರೆಂದು ಕೊರಗುತ್ತಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ.

“ಮಾಸ್ತರನ್ನ ಕೊಂದವರ ಯಾರು?”

ಅವಳು ಕಣ್ಣಗಲಿಸಿ ನೋಡಿದಳು. ಆಮೇಲೆ ನಕ್ಕಳು. “ನಿಮಗ್ಯಾಕ ಬೇಕ್ರಿ ಅದು? ಒಂದ ದಿನಾನೂ ಬಂದ ಕುಂತ ಕೇಳಿಲ್ಲ ನೀವು.”

“ಇಲ್ಲಿಂದ ಕೇಳಸ್ತಿತ್ತು.”

“ಕದ್ದ ಕೇಳಿದವರಿಗೆ ಕಡೀಕ ಹೇಳೂದಿಲ್ಲ,” ಎಂದು ಗೋಡೆಯ ಕಡೆ ತಿರುಗಿದಳು. ತಮಾಷೆಗೆ ಹೇಳಿದ್ದು. ಅವಳಿಗೆ ದಣಿವಾಗಿತ್ತು. ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. ಆಷಾಢದಲ್ಲಿ ಹೋದಳು.

ಈ ಡಿಸೆಂಬರಿನಲ್ಲಿ ಅಕ್ಕೋರು ಬಾಗಿಲಿಗೆ ಬಂದರು. “ಅಣ್ಣಾರ, ನಾಳೆ ಕಲ್ಕಲ್ ಮಾಡ್ತೀವಿ. ನೀವ ಬರಬೇಕು. ವೈನಿ ಫೋರ್ಕ ಹಂಗೇ ಇಟ್ಟೀನಿ.”

ಇವಳ ಫೋರ್ಕು ಅವರ ಮನೆಯಲ್ಲಿ! ಅದಕ್ಕೂ ನನಗೆ ಕಸಿವಿಸಿಯಾಯಿತು. ನಾಳೆ ಎಲ್ಲರೆದುರು ಇವರು ಕೊಲೆಗಾರನ ಹೆಸರು ಹೇಳುತ್ತಾರೆ, ವೈನಿ ನನಗೊಬ್ಬಳಿಗೇ ಹೇಳಿದ್ದರು ಎನ್ನುತ್ತಾರೆ, ಅದನ್ನು ನಾನು ತಲೆ ತಗ್ಗಿಸಿ ಕೇಳಬೇಕು ಎಂದುಕೊಂಡೆ. ಆದರೂ ಹೋದೆ. ತಿಳಿಯದೇ ಇರುವುದಕ್ಕಿಂತ ಅವರ ಬಾಯಿಂದಲೇ ತಿಳಿಯಲಿ ಎಂದು.

ನನ್ನ ಸುರುಳಿಗಳು ಚಪ್ಪಟೆಯಾಗುತ್ತಿದ್ದವು. ಸೊಸೆ ನಕ್ಕಳು: “ಅಂಕಲ್, ಇದು ಕಲ್ಕಲ್ ಅಲ್ಲ, ಶಂಕರಪೋಳಿ.” ನಾಲ್ಕು ಜನವೂ ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದೆವು. ಹಿಟ್ಟು ಅರ್ಧಕ್ಕೆ ಬಂದಾಗ ಆಜಿ ತಡೆಯಲಾರದೆ ಕೇಳಿದರು: “ಅರೇ, ಖೂನ ಕುಣೀ ಕೇಲಾ?” ಕೊಂದವರು ಯಾರು, ಒಂದು ವರ್ಷದಿಂದ ಕಾಯುತ್ತಿದ್ದೇನೆ, ಸತ್ತುಹೋಗುವ ಮೊದಲು ಹೇಳಿ ಎಂದರು.

ಅಕ್ಕೋರು ಏನು ಹೇಳುತ್ತಾರೆಂದು ನಾನು ಅವರ ಕಡೆ ನೋಡಿದೆ. ಅವರು ನನ್ನ ಕಡೆ ತಿರುಗಿದರು.

“ಅಣ್ಣಾರಿಗೆ ಗೊತ್ತಿರ್ತದ. ತಮ್ಮ ಮನಿಯವರಿಗೆ ಹೇಳದ ಇರ್ತಾರೇನು ವೈನಿ?”

ಅವರ ದನಿಯಲ್ಲಿ ಒಂದು ಮುಳ್ಳಿತ್ತು. ಅಥವಾ ನನಗೆ ಹಾಗೆ ಕೇಳಿಸಿತು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ನಾನು ಹೇಳಿದೆ:

“ಹೌದು. ನನಗ ಹೇಳಿದ್ಲು.”

ಮೂವರ ಕೈಗಳೂ ನಿಂತವು.

“ಬೇಕರಿಯಾಕಿ,” ಎಂದೆ.

“ಯಾಕೆ ಅಂಕಲ್?” ಎಂದಳು ಸೊಸೆ. “ಅವಳು ಪಾಪ ದಿನಾ ಬನ್ ಕಳಿಸ್ತಿದ್ಲಲ್ವಾ?”

“ಅದಕ್ಕೇ. ದಿನಾ ತಿನಿಸಿ ತಿನಿಸಿ ಅಂವ ತನ್ನವನೇ ಅಂದ್ಕೊಂಡಿದ್ಲು. ಅಲ್ಲ ಅಂತ ಗೊತ್ತಾದ ದಿನ ಕೊಂದ್ಲು.”

ಹೇಳುವಾಗ ಅಕ್ಕೋರ ಮುಖ ನೋಡಲಿಲ್ಲ, ಕೈ ನೋಡಿದೆ. ದಿನಾ ಗಂಜಿ ತಂದ ಕೈ. ನಾನು ಯಾರಿಗೆ ಹೇಳುತ್ತಿದ್ದೇನೆಂದು ಅವರಿಗೆ ತಿಳಿಯಿತು. ತಿಳಿಯಲಿ ಎಂದೇ ಹೇಳಿದ್ದೆ.

ಆಜಿ ತೊಡೆ ತಟ್ಟಿಕೊಂಡರು. ತನಗೆ ಮೊದಲಿನಿಂದಲೂ ಅವಳ ಮೇಲೇ ಸಂಶಯವಿತ್ತು ಎಂದರು. ಸೊಸೆ ಬಿಡಲಿಲ್ಲ. “ಆದ್ರೆ ಬೆಕ್ಕು? ಬೆಕ್ಕು ಆ ಬನ್ ತಿಂದು ಆರಾಮಾಗಿತ್ತಲ್ಲ ಅಂಕಲ್?”

ಬೆಕ್ಕನ್ನು ನಾನು ಮರೆತೇ ಬಿಟ್ಟಿದ್ದೆ. ಬೋಗುಣಿಯಿಂದ ಹಿಟ್ಟು ಚಿವುಟಿದೆ, ಮತ್ತೆ ಚಿವುಟಿದೆ. ಅಷ್ಟರಲ್ಲಿ ಅಕ್ಕೋರು ಸಮಾಧಾನದಿಂದ ಮಾತಾಡಿದರು.

“ವಿಷ ಬನ್ನಿನ್ಯಾಗ ಇರಲಿಲ್ಲವ್ವಾ. ಆಕಿ ಜೊತಿಗೆ ಕಳಿಸಿದ್ದ ಪೇರಲ ಜಾಮಿನ್ಯಾಗ ಇತ್ತು. ಮಾಸ್ತರ ಜಾಮ ಹಚಗೊಂಡ ತಿಂದಾಂವ. ಬೆಕ್ಕು ಜಾಮ ಇದ್ದಷ್ಟ ಬಿಟ್ಟು ಉಳಿದದ್ದ ತಿಂತು.” ಆಮೇಲೆ ನನ್ನ ಕಣ್ಣಿಗೆ ಕಣ್ಣಿಟ್ಟರು. “ವೈನಿ ನನಗೂ ಹಿಂಗೇ ಹೇಳಿದ್ರು. ಹೌದಲ್ರಿ ಅಣ್ಣಾರ?”

“ಹೌದು,” ಎಂದೆ.

ಬೇಕರಿಯವಳೇ ಕೊಂದದ್ದೆಂದು ನಾನು ಕಥೆ ಕಟ್ಟಿ ಎರಡು ನಿಮಿಷವೂ ಆಗಿರಲಿಲ್ಲ. ಬೆಕ್ಕನ್ನು ಆರಾಮಾಗಿಟ್ಟು ಬೇಕರಿಯವಳನ್ನು ಸಂಶಯದಿಂದ ಬಿಡಿಸಿದ್ದ ನನ್ನ ಹೆಂಡತಿ ಅದನ್ನೇ ಅವರಿಗೆ ಹೇಳಿರಲು ಸಾಧ್ಯವೇ ಇಲ್ಲ. ಅಂದರೆ ಅವರಿಗೂ ಏನೂ ಗೊತ್ತಿರಲಿಲ್ಲ. ಆರು ತಿಂಗಳ ಪಿಸುಮಾತಿನಲ್ಲಿ ಅವಳು ಅವರಿಗೂ ಹೇಳಿರಲಿಲ್ಲ. ನನಗಾದ ಸಂತೋಷವನ್ನು ಹೇಳಲು ನಾಚಿಕೆಯಾಗುತ್ತದೆ. ಎದ್ದು ಕುಣಿಯಬೇಕೆನಿಸಿತು. ಆ ಗುಟ್ಟು ಅವಳ ಜೊತೆಗೇ ಹೋಯಿತು, ಇನ್ನು ಯಾರಿಂದಲೂ ಸಿಗುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಫೋರ್ಕು ಕೆಳಗಿಟ್ಟು ನೀರು ಕುಡಿದೆ.

ಆ ಸಂತೋಷವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಜಾಮಿನ ಮಾತು ನನ್ನನ್ನು ಕೊರೆಯತೊಡಗಿತು. ಅದು ಅವಳೇ ಹೇಳಿದ ಹಾಗಿತ್ತು. ಬೆಕ್ಕು ಜಾಮನ್ನು ಬಿಟ್ಟು ಬನ್ನು ತಿನ್ನುವುದು, ಇಂಥ ಹೊಳಹು ಅವಳದೇ. ನನ್ನ ಸುಳ್ಳಿನಲ್ಲಿ ನಾನಷ್ಟೇ ಇದ್ದೆ. ಅಕ್ಕೋರ ಸುಳ್ಳಿನಲ್ಲಿ ನನ್ನ ಹೆಂಡತಿಯ ದನಿ ಇತ್ತು. ವರ್ಷವರ್ಷವೂ ಪಕ್ಕದಲ್ಲಿ ಕೂತು ಕೇಳಿದವರಿಗೆ ಮಾತ್ರ ಬರುವಂಥದು ಅದು.

ಸಂಜೆ ಅವರು ತಟ್ಟೆ ತುಂಬ ಕಲ್ಕಲ್ ಹಿಡಿದು ನಮ್ಮ ಬಾಗಿಲಿಗೆ ಬಂದರು. ನಾನು ಮಾಡಿದ ಚಪ್ಪಟೆಯವನ್ನೂ ಹಾಕಿದ್ದರು. ನಾನು ತಟ್ಟೆ ತೆಗೆದುಕೊಂಡೆ. ಅವರು ಹೋಗಲಿಲ್ಲ. ಕಣ್ಣುಗಳು ಕೆಂಪಾಗಿದ್ದವು.

“ಅಣ್ಣಾರ, ಮುಂದಿನ ವರ್ಷದ ಕಥಿನೂ ಹೇಳ್ಯಾರೇನ್ರಿ ವೈನಿ, ನಿಮಗ?”

ಇಲ್ಲ ಎನ್ನಲು ಇದು ಎರಡನೆಯ ಅವಕಾಶ. “ಅರ್ಧ ಹೇಳ್ಯಾಳ,” ಎಂದೆ.

“ಹೌದು? ಹಂಗಾದ್ರ ಛಲೋ ಆತು. ಉಳಿದರ್ಧ ನನಗ ಹೇಳ್ಯಾರ,” ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ನಾಲ್ಕು ಹೆಜ್ಜೆ ದಾಟಿ ಹೋದರು.

ತಟ್ಟೆಯನ್ನು ಮೇಜಿನ ಮೇಲಿಟ್ಟು ಕೂತೆ. ಈ ಸಲ ಯಾರು ಸಾಯಬೇಕು, ಎಲ್ಲಿ ಬಿದ್ದಿರಬೇಕು ಎಂದು ಯೋಚಿಸತೊಡಗಿದೆ. ನನ್ನ ಅರ್ಧ ಅವರ ಅರ್ಧಕ್ಕಿಂತ ಅವಳ ಹಾಗಿರಬೇಕು. ಅವಳು ಏನೇನು ನೋಡುತ್ತಿದ್ದಳು, ಯಾವುದಕ್ಕೆ ನಗುತ್ತಿದ್ದಳು ಎಂದು ನೆನೆಯುತ್ತ ಹೋದೆ. ನೆನಪಿಗೆ ಬಂದದ್ದು ಬಹಳ ಕಡಿಮೆ. ಅದನ್ನೆಲ್ಲ ಒಂದು ಕಡೆ ಬರೆದಿಟ್ಟುಕೊಳ್ಳುವುದೇ ಸರಿ ಎನಿಸಿ ಈ ವಹಿ ತೆಗೆದೆ.