ಡಾಕ್ಟರ್ ಆದ ನಮ್ಮ ಮಾಸ್ತರು

ನಮ್ಮ ಹೆಡ್ ಮಾಸ್ತರರ ಎಡಗಿವಿ ಪೂರ್ತಿ ಕಿವುಡು. ಯಾರಾದರೂ ಮಾತಾಡಿದರೆ ಬಲಗಿವಿಯ ಹಿಂದೆ ಅಂಗೈ ಬಾಗಿಸಿ, ಕುತ್ತಿಗೆ ಚಾಚಿ, ಬಾಯಿ ತುಸು ತೆರೆದು ಕೇಳುತ್ತಿದ್ದರು. ಅಷ್ಟು ಆಸೆಯಿಂದ ಇನ್ನೊಬ್ಬರ ಮಾತು ಕೇಳುವವರನ್ನು ನಾನು ಆಮೇಲೆ ಕಂಡಿಲ್ಲ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ದೇವಿಕೊಪ್ಪದ ಶಾಲೆಗೆ ಹೊಸ ಶಿಕ್ಷಕಿಯಾಗಿ ಬಂದೆ. ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಶಾಲೆ ಬಿಟ್ಟ ಮೇಲೆ ಗದ್ದೆಗಳ ಕಡೆ ನಡೆಯುವರು. ಕಸ ತೆಗೆಯುವ ಹೆಂಗಸರ ಹತ್ತಿರ ಬದುವಿನ ಮೇಲೆ ಕೂತು, ಅವರ ಬಾಯಿಂದ ಬಂದ ಮಾತುಗಳನ್ನು ಹಳೆಯ ಪರೀಕ್ಷಾ ಹಾಳೆಗಳ ಹಿಂಬದಿಗೆ ಬರೆದುಕೊಳ್ಳುವರು. ಮಳೆಯ ಬಗೆ, ಮಣ್ಣಿನ ಬಗೆ, ಭತ್ತಕ್ಕೆ ಬರುವ ಬೇನೆ, ಅತ್ತೆಯ ಬೈಗುಳ, ಯಾವುದನ್ನೂ ಬಿಡುತ್ತಿರಲಿಲ್ಲ. ಪ್ರತಿ ಮಾತಿನ ಮುಂದೆ ಹೇಳಿದವಳ ಹೆಸರು. "ಮಾತು ಅಕೀದು. ನಂದು ಬರೇ ಕೈಬರಹ" ಎನ್ನುವರು.

ಹೆಚ್ಚಿನ ಮಾತುಗಳ ಮುಂದೆ ಇದ್ದದ್ದು ಒಬ್ಬಳೇ ಮುದುಕಿಯ ಹೆಸರು. ಕೂಲಿ ಮಾಡಿ ಬದುಕಿದವಳು. ಅವರಿಗೆ ಎದುರುತ್ತರ ಕೊಡುವ ಧೈರ್ಯ ಅವಳೊಬ್ಬಳಿಗೇ ಇತ್ತು. "ಮಾಸ್ತರ, ನಿನ್ನೆ ಹೇಳಿದ್ದನ್ನ ಇವತ್ತೂ ಕೇಳ್ತಿ. ಕಿವಿ ಅಲ್ಲ, ನಿನ್ನ ತಲೀನ ಕಿವುಡ ಆಗೇತಿ!" ಅಂದರೆ ಅವರು ಅದನ್ನೂ ಬರೆದುಕೊಂಡು ನಗುವರು.

ಅವರು ನಿವೃತ್ತರಾದ ವರ್ಷ ಆ ಹಾಳೆಗಳು ಪುಸ್ತಕವಾದವು. ಮುಂದೆ ವಿಶ್ವವಿದ್ಯಾಲಯದಿಂದ ಗೌರವ ಡಾಕ್ಟರೇಟ್ ಬಂತು. ಮನೆಯವರಿಗೆಂದು ಕಳಿಸಿದ್ದ ಎರಡು ಪಾಸುಗಳಲ್ಲಿ ಒಂದನ್ನು ಮುದುಕಿಗೆ ಕೊಡಲು ಹೋದರು. "ಅಲ್ಲಿ ನಂದೇನೈತ್ರಿ?" ಅಂದಳು. ಅವಳು ಅವರಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಇನ್ನೊಂದು ಪಾಸಿನ ಮೇಲೆ ನಾನು ಹೋದೆ. ಬಾಜೂ ಕುರ್ಚಿ ಖಾಲಿ ಉಳಿಯಿತು. ಅಂದು ಒಬ್ಬ ಸರ್ಜನ್‌ಗೂ, ಒಬ್ಬ ಗಿರಣಿ ಮಾಲೀಕರಿಗೂ ಪದವಿ ಇತ್ತು. ಅವರ ಸಾಧನೆ ಓದಲು ಪುಟಗಳೇ ಬೇಕಾದವು. ನಮ್ಮ ಮಾಸ್ತರರದು ಎರಡು ವಾಕ್ಯಕ್ಕೆ ಮುಗಿಯಿತು. ಕಾರ್ಯಕ್ರಮ ಮುಗಿದ ಮೇಲೆ ಅವರಿಬ್ಬರ ಸುತ್ತ ಮಕ್ಕಳು, ಮೊಮ್ಮಕ್ಕಳು, ಹಾರ. ನಮ್ಮ ಮಾಸ್ತರು ಕೆಂಪು ನಿಲುವಂಗಿ ತೊಟ್ಟು, ಅದನ್ನು ಎಲ್ಲಿ ಮರಳಿಸಬೇಕು ಎಂದು ಜವಾನನನ್ನು ಕೇಳುತ್ತಿದ್ದರು.

ಊರಿಗೆ ಬಂದ ಮೇಲೆ ಅವರು ಮತ್ತೆ ಗದ್ದೆಗೆ ಹೋದರು, ಮೊದಲ ದಿನ ನಾನೂ ಜೊತೆಗಿದ್ದೆ. ಹೆಂಗಸರು ಕಸ ತೆಗೆಯುವ ಕುರ್ಚಿಗಿ ಕೆಳಗಿಟ್ಟು, ಸೆರಗು ಹೊದ್ದು ಎದ್ದು ನಿಂತರು. ಏನು ಕೇಳಿದರೂ ಪುಸ್ತಕದ ಕನ್ನಡದಲ್ಲಿ ಉತ್ತರ. "ಡಾಕ್ಟರ್ ಸಾಹೇಬ್ರ ಮುಂದ ನಮ್ಮ ಹೊಲಸ ಮಾತು ಆಡಬಾರದಂತ್ರಿ" ಎಂದು ಒಬ್ಬಳು ನನ್ನ ಹತ್ತಿರ ಪಿಸುಗುಟ್ಟಿದಳು. ಅವರು ಒಂದು ತಿಂಗಳು ಬಿಡದೆ ಹೋದರು, ಖಾಲಿ ಹಾಳೆ ಹಿಡಿದು ಬಂದರು. ಆಮೇಲೆ ಹೋಗುವುದನ್ನೇ ಬಿಟ್ಟರು. ಸಂಜೆ ಅವರ ಮನೆ ಮುಂದೆ ಹಾದು ಹೋದರೆ ಪಡಸಾಲೆಯಲ್ಲಿ ಒಬ್ಬರೇ ಕೂತಿರುತ್ತಿದ್ದರು, ಕೈ ಕಿವಿಯ ಹಿಂದೆ. ಎದುರಿಗೆ ಯಾರೂ ಇರುತ್ತಿರಲಿಲ್ಲ.

"ತಂಗಿ, ಇನ್ನ ಮ್ಯಾಲೆ ನೀ ಹೋಗು" ಎಂದು ಒಂದು ದಿನ ನನಗೆ ಹೇಳಿದರು. ನಾನು ಹೋದೆ. ಕೇಳಿದ ಮಾತುಗಳನ್ನು ತಂದು ಅವರ ಬಲಗಿವಿಯಲ್ಲಿ ಕೂಗಿ ಹೇಳುತ್ತಿದ್ದೆ.

ಅವರು ಹಾಸಿಗೆ ಹಿಡಿದ ಸುದ್ದಿ ಮುದುಕಿಗೆ ಮುಟ್ಟಿಸಿದ್ದೂ ನಾನೇ. ಅವಳು ಬಂದು ಹೊಸ್ತಿಲ ಹೊರಗೆ ಕೂತಳು.

"ಒಳಗ ಬಾ, ಯವ್ವಾ" ಅಂದರು.

"ಇಲ್ಲೇ ಬರೋಬ್ಬರಿ ಐತ್ರಿ."

ಹೊಸ್ತಿಲಾಚೆಯ ಮಾತು ಅವರಿಗೆ ಕೇಳಿಸುವಂತಿರಲಿಲ್ಲ. ಗೋಡೆ ಹಿಡಿದು ಎದ್ದರು, ಕಾಲೆಳೆಯುತ್ತ ಬಂದು ಹೊಸ್ತಿಲು ದಾಟಿ ಅವಳ ಬಾಜೂ ನೆಲಕ್ಕೆ ಕೂತರು. ಅವಳು ಅವರ ಬಲಗಿವಿಗೆ ಬಾಗಿ, "ಎಷ್ಟ ಸೊರಗೀಯೋ ಮಾಸ್ತರ" ಅಂದಳು. ಆಮೇಲೆ ಇಬ್ಬರದೂ ಮಾತೇ ಮಾತು. ನಾನು ಹಾಳೆ, ಪೆನ್ನು ತರಲು ಎದ್ದೆ. ಅವರು ನನ್ನ ಸೆರಗು ಹಿಡಿದು ಕೂಡಿಸಿದರು.

"ಬರೀಬ್ಯಾಡ ತಂಗಿ. ಸುಮ್ನ ಕೇಳು."

ಎಂಟು ದಿನದ ಮೇಲೆ ಅವರು ತೀರಿಕೊಂಡರು. ಅಂದು ಅವಳು ಏನೇನು ಹೇಳಿದಳೋ ಅದು ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಮಾತ್ರ ಒಂದಕ್ಷರವೂ ಮರೆತಿಲ್ಲ.