ಅತ್ತೆಯ ಮೀನಖಂಡದಲ್ಲಿ ಕಟ್ಟಿದ ರಕ್ತ

ರಾಮದುರ್ಗದಿಂದ ಬೈಲಹೊಂಗಲಕ್ಕೆ ನಾನು ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅತ್ತೆಗೆ ಕೂತು ಅಭ್ಯಾಸವಿರಲಿಲ್ಲ. ಸಂಪಗಾಂವದ ಹೊಲದಲ್ಲಿ ಜೋಳದ ಸುಗ್ಗಿ ಎಂದರೆ ಆಳುಗಳಿಗಿಂತ ಮುಂದೆ ಅವರೇ. ಆ ವರ್ಷ ಅಲ್ಲಿ ಕೊಯ್ದುಳಿದ ಜೋಳದ ಕೂಳೆ ಅವರ ಅಂಗಾಲಿಗೆ ಚುಚ್ಚಿತು. ಅರಿಶಿನ ಮೆತ್ತಿ ಸುಮ್ಮನಾದರು. ಕೆಲವೇ ದಿನಗಳಲ್ಲಿ ಪಾದ ಕೆಂಪಗೆ ಊದಿ, ಜ್ವರ ಬಂದು, ಮಂಚ ಹಿಡಿದರು. ಊರಿನ ಡಾಕ್ಟರು ಕೀವು ತೆಗೆದು ಇಂಜೆಕ್ಷನ್ ಕೊಟ್ಟರು. ಇನ್ನೇನು ಎದ್ದರು ಅನ್ನುವಾಗ ಅದೇ ಕಾಲಿನ ಮೀನಖಂಡ ಬಿಗಿದು, ಬಿಸಿಯಾಗಿ, ಮುಟ್ಟಗೊಡದಷ್ಟು ನೋಯತೊಡಗಿತು.

ಅತ್ತೆಯ ಚಿಂತೆ ಕಾಲಿನದಾಗಿರಲಿಲ್ಲ. ಆ ವಾರವೇ ಸವದತ್ತಿಯಲ್ಲಿ, ನಾದಿನಿಯ ಗಂಡನ ಮನೆಯಲ್ಲಿ, ಅವಳ ಕುಬಸವಿತ್ತು. ಚೊಚ್ಚಲ ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಲು ಹೆತ್ತವಳೇ ಹೋಗದಿದ್ದರೆ ಹೇಗೆ? ಕಾಲು ಬೇಗ ಸರಿಯಾಗಲೆಂದು ನೆರೆಮನೆಯ ಅಜ್ಜಿಯನ್ನು ಕರೆಸಿದರು. ಉಳುಕು ತಿಕ್ಕುವುದರಲ್ಲಿ ಆಕೆಯದು ಎತ್ತಿದ ಕೈ.

ಅಜ್ಜಿ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಮಂಚದ ಬಳಿ ಕೂತಾಗ ನನಗೆ ನನ್ನ ಹಳೆಯ ಕಾಯಿಲೆ ನೆನಪಾಯಿತು. ಕಾಲೇಜಿನ ದಿನಗಳಲ್ಲಿ ಟೈಫಾಯಿಡ್ ಆಗಿ ನನ್ನ ಕೈಗೆ ಸಲಾಯಿನ್ ಹಚ್ಚಿದ್ದರು. ಸೂಜಿ ಚುಚ್ಚಿದ ಕಡೆ ರಕ್ತನಾಳ ಬಾತು ಹಗ್ಗದಂತೆ ಗಟ್ಟಿಯಾದಾಗ, ಒಳಗೆ ರಕ್ತ ಹೆಪ್ಪುಗಟ್ಟಿದೆ, ತಿಕ್ಕಬೇಡ ಎಂದು ಡಾಕ್ಟರು ಗದರಿಸಿದ್ದರು.

"ಅತ್ತಿ, ತಿಕ್ಕಿಸ್ಕೋಬ್ಯಾಡ್ರಿ," ಎಂದುಬಿಟ್ಟೆ.

ಹಿರಿಯರ ಮಾತಿಗೆ ನಾನು ಅಡ್ಡ ಬಂದದ್ದು ಅದೇ ಮೊದಲು. ಅಜ್ಜಿ ಅತ್ತೆಯ ಮುಖ ನೋಡಿದರು, ಅತ್ತೆ ನನ್ನ ಮುಖ ನೋಡಿದರು. ಯಾಕೆಂದು ಕೇಳಿದಾಗ ನನ್ನ ಕೈಯ ಕತೆ ಹೇಳಿದೆ. ಅತ್ತೆ ಸೀರೆಯನ್ನು ಕಾಲಿನ ಮೇಲೆ ಎಳೆದುಕೊಂಡು, ಆ ಎಣ್ಣೆಯನ್ನು ಅಜ್ಜಿ ತನ್ನ ಮೊಣಕಾಲಿಗೇ ಹಚ್ಚಿಕೊಳ್ಳಲಿ ಎಂದರು.

ಮರುದಿನ ಬೆಳಗಾವಿಯಲ್ಲಿ ಸ್ಕ್ಯಾನ್ ಆಯಿತು. ಮೀನಖಂಡದ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಿಕ್ಕಿದ್ದರೆ ಚೂರು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದಾಗ ನನ್ನ ಗಂಡ ಕುರ್ಚಿ ಹುಡುಕಿಕೊಂಡು ಕೂತರು. ಅತ್ತೆಯದು ಬೇರೆಯೇ ತಕರಾರು.

"ಕೂಳಿ ಚುಚ್ಚಿದ್ದು ಅಂಗಾಲಿಗಿ. ರಗತ ಮ್ಯಾಲ ಯಾಕ ಕಟ್ಟೇತ್ರಿ?"

ಪ್ರಶ್ನೆ ಡಾಕ್ಟರಿಗೆ ಹಿಡಿಸಿತು. ರಕ್ತನಾಳದ ಒಳಮೈಗೆ ತೆಳ್ಳನೆಯ ಪದರವೊಂದಿರುತ್ತದೆ, ಆರೋಗ್ಯವಾಗಿದ್ದಾಗ ರಕ್ತ ಹೆಪ್ಪುಗಟ್ಟದಂತೆ ಅದೇ ತಡೆಯುತ್ತಿರುತ್ತದೆ ಎಂದು ವಿವರಿಸಿದರು. ಸೋಂಕಿನಿಂದ ಉರಿಯೂತ ಎದ್ದಾಗ ಅದರ ಕಾವು ಗಾಯದಲ್ಲೇ ನಿಲ್ಲುವುದಿಲ್ಲ. ರಕ್ತದಲ್ಲಿ ಬೆರೆತ ರಾಸಾಯನಿಕಗಳು ದೂರದ ಪದರವನ್ನೂ ಕೆರಳಿಸುತ್ತವೆ. ಆಗ ಅದು ತಡೆಯುವುದನ್ನು ಬಿಟ್ಟು, ಅಂಟಂಟಾಗಿ, ಹೆಪ್ಪುಗಟ್ಟಲು ತಾನೇ ನೆರವಾಗುತ್ತದೆ. ಸೋಂಕು ಹರಡದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಅದು, ಒಮ್ಮೊಮ್ಮೆ ಅತಿಯಾಗುತ್ತದೆ. ಅಲುಗಾಡದೆ ಮಲಗಿದ್ದರಿಂದ ಕಾಲಿನ ರಕ್ತದ ಓಟವೂ ನಿಧಾನವಾಗಿತ್ತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗಳಾದವು, ಆಮೇಲೆ ರಕ್ತ ತೆಳುವಾಗಿಸುವ ಗುಳಿಗೆ. ಮನೆಗೆ ಬಂದರೂ ಸವದತ್ತಿಯ ದಾರಿ ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದಾಗ ಮಾತ್ರ ಅತ್ತೆ ಕಣ್ಣೀರು ಹಾಕಿದರು. ಸುದ್ದಿ ತಿಳಿದು ಬೀಗತಿ, ಅಂದರೆ ನಾದಿನಿಯ ಅತ್ತೆ, ಫೋನು ಮಾಡಿದರು.

"ನಿಮಗ ಬರಾಕ ಆಗದಿದ್ರ ನಾವ ಬರತೇವಿ ತಗೋರಿ. ಉಡಿ ತುಂಬಾಕ ಯಾವ ಮನಿ ಆದ್ರೇನು?"

ಟ್ರ್ಯಾಕ್ಸ್ ಗಾಡಿ ತುಂಬ ಜನ, ಬುಟ್ಟಿ ತುಂಬ ಹೋಳಿಗೆಯೊಂದಿಗೆ ಬಂದೇಬಿಟ್ಟರು. ಅತ್ತೆಯ ಮಂಚದ ಪಕ್ಕದಲ್ಲೇ ನಾದಿನಿಯನ್ನು ಕೂರಿಸಿದೆವು. ದಿಂಬಿನ ಮೇಲೆ ಕಾಲಿಟ್ಟುಕೊಂಡೇ ಅತ್ತೆ ಮಗಳಿಗೆ ಉಡಿ ತುಂಬಿದರು. ನಾದಿನಿ ನಮಸ್ಕಾರಕ್ಕೆ ಬಾಗಿದಾಗ, ಮುಟ್ಟು, ತಿಕ್ಕಬೇಡ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ನೆರೆಮನೆಯ ಅಜ್ಜಿ. ಆಮೇಲೆ ಆಕೆ ಸೋಬಾನೆ ಹೇಳುತ್ತ ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ.

ಸೊಪ್ಪಿನಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ಅಂಶವಿದೆ, ಅದು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆದರೆ ಗುಳಿಗೆಯ ಲೆಕ್ಕ ತಪ್ಪುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಎಷ್ಟೋ ತಿಂಗಳು ನಮ್ಮ ಮನೆಯ ಪಲ್ಯಕ್ಕೆ ಒಂದೇ ಅಳತೆ. ರೊಟ್ಟಿಗೆ ಪಲ್ಯ ಸಾಲದೆಂದು ನನ್ನ ಗಂಡ ಗೊಣಗುತ್ತಿದ್ದರು. ನಾದಿನಿ ಬಾಣಂತನಕ್ಕೆ ಬರುವ ಹೊತ್ತಿಗೆ ಬಾವು ಇಳಿದಿತ್ತು. ಅತ್ತೆ ಬಿಗಿ ಕಾಲುಚೀಲ ಹಾಕಿಕೊಂಡು, ಮೊಮ್ಮಗಳನ್ನು ಹೆಗಲಿಗೆ ಹಾಕಿ ಅಂಗಳ ತುಂಬ ಅಡ್ಡಾಡಿದರು.

ಆಮೇಲಿಂದ ಎಮ್ಮೆ ಕೊಳ್ಳುವುದಿರಲಿ, ಉಪ್ಪಿನಕಾಯಿಗೆ ಉಪ್ಪು ಹಾಕುವುದಿರಲಿ, ಅತ್ತೆ ನನ್ನನ್ನು ಒಂದು ಮಾತು ಕೇಳುತ್ತಿದ್ದರು. ಎಷ್ಟೋ ಸಲ ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಆದರೂ ಕೇಳುತ್ತಿದ್ದರು.